ಹೊಲದ ಇಲಿಗಳಿಗೆ ಬಿಲ್ಲುಬೋನು ಒಡ್ಡುವ ಕ್ರಮ

(ಹೊಸದಾಗಿ ಕಲಿಯುವವರಿಗೆ)

ಭತ್ತವು ಹೊಡೆ ಕಟ್ಟುವ ಕಾಲಕ್ಕೆ ಗದ್ದೆಯ ನಡುವೆ ಅಲ್ಲಲ್ಲಿ ತೆಂಡೆಗಳು ಬುಡದ ಬಳಿ ಓರೆಯಾಗಿ ಕತ್ತರಿಸಿ ಬಿದ್ದಿರುವುದನ್ನು ರೈತರೆಲ್ಲರೂ ಕಂಡೇ ಇರುವರು. ಇದು ಇಲಿಯ ಕೆಲಸ. ಇಲಿಯು ಬದುವಿನ ಅಂಚಿನ ಪೈರನ್ನು ಬಹುಮಟ್ಟಿಗೆ ಬಿಟ್ಟು ಒಳಗಿನ ಪೈರನ್ನೇ ಮೊದಲು ಕಡಿಯುವುದರಿಂದ, ಬದುವಿನ ಮೇಲೆ ನಿಂತು ನೋಡುವವರಿಗೆ ಹಾನಿಯು ತಿಳಿಯುವುದೇ ಇಲ್ಲ. ನಾಟಿ, ಗೊಬ್ಬರ, ಕಳೆಗಳಿಗೆ ಹಣವೆಲ್ಲ ಖರ್ಚಾದ ಮೇಲೆ ಒದಗುವ ನಷ್ಟವಿದು. ಆ ವೇಳೆಯಲ್ಲಿ ಕತ್ತರಿಸಿಹೋದ ತೆಂಡೆಯು ಮರಳಿ ತುಂಬಿದ ತೆನೆಯನ್ನು ಕೊಡಲಾರದು. ಆದುದರಿಂದ ಹಾನಿಯು ಕಣ್ಣಿಗೆ ಬಿದ್ದ ಮೇಲೆ ಬೋನನ್ನು ಹುಡುಕುವುದಕ್ಕಿಂತ, ಮುಂಚಿತವಾಗಿ ಊರೆಲ್ಲ ಕೂಡಿ ಕೆಲಸಕ್ಕೆ ತೊಡಗುವುದು ಲೇಸು.

1. ಶತ್ರುವಿನ ಪರಿಚಯ

ಹೊಲಗದ್ದೆಗಳಲ್ಲಿ ಹಾನಿ ಮಾಡುವ ಇಲಿಗಳು ಹಲವು ಜಾತಿಯವು. ಅವುಗಳಲ್ಲಿ ಶಾಸ್ತ್ರಜ್ಞರು ಬ್ಯಾಂಡಿಕೋಟ ಬೆಂಗಾಲೆನ್ಸಿಸ್ ಎಂದು ಕರೆಯುವ ಸಣ್ಣ ಹೆಗ್ಗಣವು ಮುಖ್ಯವಾದುದು. ಬಿಲದ ಬಾಯಲ್ಲಿ ಹೊಸಮಣ್ಣಿನ ಗುಡ್ಡೆಯಿದ್ದು, ಬಾಯಿಯು ಒಳಗಿನಿಂದ ಮಣ್ಣಿನಿಂದ ಮುಚ್ಚಿದ್ದರೆ ಅದು ಹೆಗ್ಗಣದ ಬಿಲವೆಂದು ತಿಳಿಯಬಹುದು. ಇದು ತಿನ್ನುವುದಲ್ಲದೆ ತೆನೆಗಳನ್ನು ಕಡಿದು ಬಿಲದೊಳಗೆ ಕೂಡಿಡುತ್ತದೆ. ಇದರ ಗರ್ಭಧಾರಣೆಯ ಅವಧಿ ಸುಮಾರು 3 ವಾರಗಳು ಮಾತ್ರ. ಒಂದು ಸೂಲಿಗೆ ಸಾಮಾನ್ಯವಾಗಿ 6ರಿಂದ 8 ಮರಿಗಳು ಹುಟ್ಟುವುವು. ಬೇಸಿಗೆಯಲ್ಲಿ ಉಳಿದ ಒಂದು ಜೋಡಿಯು ಸುಗ್ಗಿಯ ಹೊತ್ತಿಗೆ ದೊಡ್ಡ ಸಂಸಾರವಾಗುವುದು ಹೀಗೆ.

ಯಾವ ಬಿಲದಲ್ಲಿ ಇಲಿ ಉಂಟು, ಯಾವುದು ಹಾಳುಬಿಲ ಎಂಬುದನ್ನು ತಿಳಿಯಲು ಸುಲಭವಾದ ಉಪಾಯವಿದೆ. ಸಂಜೆ ಬಿಲಗಳ ಬಾಯನ್ನೆಲ್ಲ ಮುಚ್ಚಿ, ಮಣ್ಣಿನ ಗುಡ್ಡೆಗಳನ್ನು ಕಾಲಿನಿಂದ ಸಮ ಮಾಡತಕ್ಕದ್ದು. ಮರುದಿನ ಬೆಳಗ್ಗೆ ಎಲ್ಲಿ ಬಾಯಿ ತೆರೆದಿದೆಯೋ, ಎಲ್ಲಿ ಹೊಸಮಣ್ಣು ಬಿದ್ದಿದೆಯೋ ಅಲ್ಲಿ ಇಲಿಯಿದೆ. ಅಂಥ ಬಿಲಗಳನ್ನು ಎಣಿಸಿ ಬರೆದಿಡಬೇಕು. ಮುಂದೆ ಕೆಲಸದ ಫಲವನ್ನು ಅಳೆಯುವುದು ಈ ಲೆಕ್ಕದಿಂದಲೇ.

2. ತಕ್ಕ ಕಾಲ

ಬೇಸಿಗೆಯಲ್ಲಿ ಗದ್ದೆಗಳು ಬರಿದಾಗಿರುವಾಗ ಇಲಿಗಳು ನಾಲೆಯ ಏರಿ, ದಪ್ಪ ಬದು, ಹುಲ್ಲುಬಣವೆಗಳ ಸುತ್ತ ಒಟ್ಟುಗೂಡಿರುವುವು. ಆಗ ಅವುಗಳ ಸಂಖ್ಯೆಯೂ ಕಡಿಮೆ, ಮೇವೂ ಕಡಿಮೆ. ಆದ್ದರಿಂದ ಎರೆಗೆ ಬೇಗ ಬರುತ್ತವೆ. ಮೊದಲ ಸುತ್ತಿನ ಕೆಲಸವನ್ನು ಈ ಕಾಲದಲ್ಲಿಯೂ, ಎರಡನೆಯದನ್ನು ನಾಟಿಯಾದ ಮೇಲೆ ಹೊಡೆ ಕಟ್ಟುವುದಕ್ಕೆ ಮುಂಚೆಯೂ ನಡೆಸತಕ್ಕದ್ದು. ತೆನೆ ಹೊರಟ ಮೇಲೆ ಗದ್ದೆಯಲ್ಲೆಲ್ಲ ಮೆಚ್ಚಿನ ಆಹಾರವೇ ತುಂಬಿರುವಾಗ ಬೋನಿನ ಎರೆಯನ್ನು ಇಲಿಯು ಮೂಸಿಯೂ ನೋಡದು.

3. ಬೋನಿನ ರಚನೆ

ತಮಿಳುನಾಡಿನ ತಂಜಾವೂರು ಸೀಮೆಯ ಭತ್ತದ ಬಯಲಿನಲ್ಲಿ ರೈತರು ಬಹುಕಾಲದಿಂದ ಬಳಸುತ್ತಿರುವ ಬಿದಿರಿನ ಬಿಲ್ಲುಬೋನು ಕಡಿಮೆ ಖರ್ಚಿನದು. ಅದನ್ನು ಅಲ್ಲಿ ಕಿಟ್ಟಿಯೆಂದು ಕರೆಯುವರು. ಅದೇ ಕಾವೇರಿಯ ನೀರನ್ನು ಉಣ್ಣುವ ಮಂಡ್ಯದ ನಾಲಾಬಯಲಿಗೂ ಅದು ಹೊಂದತಕ್ಕ ಸಾಧನವೇ. ಬಾಗಿಸಿದ ಬಿದಿರ ದಬ್ಬೆ, ಅದನ್ನು ಬಿಗಿಹಿಡಿಯುವ ಹುರಿ, ಎರೆಯನ್ನು ಕಟ್ಟುವ ಸಣ್ಣ ಕಡ್ಡಿ, ಇವೇ ಅದರ ಮುಖ್ಯ ಅಂಗಗಳು. ಇಲಿಯು ಎರೆಯನ್ನು ಎಳೆದೊಡನೆ ಕಡ್ಡಿಯು ಜಾರಿ, ಬಿಲ್ಲು ಹಿಂದಕ್ಕೆ ಚಿಮ್ಮಿ, ಹುರಿಯು ಇಲಿಯ ಕುತ್ತಿಗೆಯನ್ನು ಬಿಗಿಯುವುದು. ಬಿಲ್ಲಿಗೆ ಬಲಿತ ಬಿದಿರನ್ನೇ ಆರಿಸಬೇಕು. ಎಳೆಬಿದಿರು ನಾಲ್ಕಾರು ದಿನಗಳಲ್ಲಿ ಬಾಗಿಯೇ ನಿಂತು, ಬೋನು ಸತ್ತಂತಾಗುತ್ತದೆ. ಒಡ್ಡುವ ಮುನ್ನ ಪ್ರತಿಯೊಂದು ಬೋನನ್ನೂ ಕಡ್ಡಿಯಿಂದ ಮುಟ್ಟಿ ಪರೀಕ್ಷಿಸತಕ್ಕದ್ದು. ಬೆರಳಿನಿಂದ ಮುಟ್ಟಿ ನೋಡಲಾಗದು.

4. ಒಡ್ಡುವ ಕ್ರಮ

ಎರೆಗೆ ಪುರಿ, ಕಡಲೆಕಾಯಿ ಬೀಜ, ಕೊಬ್ಬರಿಯ ಚೂರು ಮೊದಲಾದುವು ಆಗುತ್ತವೆ. ಆ ಊರಿನ ಇಲಿಗಳು ಯಾವುದನ್ನು ಬಯಸುತ್ತವೆಯೆಂಬುದನ್ನು ಬಿಲದ ಬಳಿ ಸ್ವಲ್ಪ ಸ್ವಲ್ಪ ಇಟ್ಟು ನೋಡಬಹುದು. ಇಲಿಯು ಹೊಸ ವಸ್ತುವಿಗೆ ಅಂಜುವ ಪ್ರಾಣಿ. ಹೊಸಬರು ಮೊದಲನೆಯ ರಾತ್ರಿಯೇ ಬಿಲ್ಲನ್ನು ಬಿಗಿದಿಟ್ಟು, ಬೆಳಗ್ಗೆ ಏನೂ ಸಿಕ್ಕದಿರಲು ಬೋನನ್ನು ಹಳಿಯುವುದು ಸಾಮಾನ್ಯ. ಎರಡು ಮೂರು ರಾತ್ರಿ ಬಿಲ್ಲನ್ನು ಬಿಗಿಯದೆ ಬರಿಯ ಎರೆಯನ್ನು ಕಟ್ಟಿ ಇಲಿಗೆ ರೂಢಿ ಮಾಡಿಸಬೇಕು. ಎರೆ ಮಾಯವಾಗತೊಡಗಿದ ಮೇಲೆ ಬಿಗಿಯಬೇಕು.

ಬೋನಿಗೆ ಸ್ಥಳವು ಇಲಿಯು ಓಡಾಡುವ ದಾರಿ. ಹುಲ್ಲು ಒರಗಿ ನೆಲ ನುಣುಪಾಗಿರುವ ಸಣ್ಣ ಜಾಡು, ಹಿಕ್ಕೆ, ಹೆಜ್ಜೆಗುರುತುಗಳಿಂದ ಅದು ಗೊತ್ತಾಗುವುದು. ಬದುವಿನ ಪಕ್ಕದಲ್ಲಿಯೂ ಪೈರಿನೊಳಗೂ 10ರಿಂದ 15 ಅಡಿಗೊಂದರಂತೆ, ಎಕರೆಗೆ ಸುಮಾರು 40 ಬೋನುಗಳನ್ನು ನೆಲಕ್ಕೆ ಅಲುಗದಂತೆ ನೆಡಬೇಕು. ಸಾಧ್ಯವಾದರೆ ಆ ರಾತ್ರಿ ಗದ್ದೆಯ ನೀರನ್ನು ಬಸಿದಿಡುವುದು ಉತ್ತಮ. ಸೂರ್ಯಾಸ್ತಕ್ಕೆ ಸ್ವಲ್ಪ ಮೊದಲು ಒಡ್ಡಿ, ಬೆಳಗಾಗುತ್ತಲೇ ಎಲ್ಲವನ್ನೂ ಎಣಿಸಿ ತೆಗೆಯತಕ್ಕದ್ದು. 40 ಒಡ್ಡಿದ್ದರೆ 40 ಕೈಗೆ ಬರಬೇಕು.

5. ಎಚ್ಚರಿಕೆಗಳು

ಹಗಲಿನಲ್ಲಿ ಬಿಗಿದಿಟ್ಟ ಬೋನಿಗೆ ಗೊರವಂಕ, ಬೆಳ್ಳಕ್ಕಿ ಮೊದಲಾದ ಹಕ್ಕಿಗಳೂ ಮಕ್ಕಳ ಬೆರಳೂ ಸಿಕ್ಕಬಹುದು. ಗೂಗೆ, ಕೇರೆಹಾವು, ಮುಂಗುಸಿಗಳು ಇಲಿಯನ್ನು ತಿನ್ನುವ ರೈತರ ಮಿತ್ರರು; ಅವುಗಳಿಗೆ ಅಪಾಯವಾಗದಂತೆ ನೋಡಿಕೊಳ್ಳಬೇಕು. ಜೀವದಿಂದಿರುವ ಇಲಿಯನ್ನು ನರಳಲು ಬಿಡದೆ ಒಂದೇ ಪೆಟ್ಟಿಗೆ ಮುಗಿಸತಕ್ಕದ್ದು.

ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟಬಾರದು. ಇಲಿಯ ಮೂತ್ರದಿಂದ ಕೆಟ್ಟ ನೀರು ಕಾಲಿನ ಗಾಯಕ್ಕೆ ತಗುಲಿ ಇಲಿಜ್ವರ ಬರುವುದುಂಟು. ಕೈಚೀಲ ಧರಿಸಿ, ಇಲಿಗಳನ್ನು ಆಳವಾಗಿ ಹೂಳಿ, ಸಾಬೂನಿನಿಂದ ಕೈ ತೊಳೆಯಬೇಕು. ಗದ್ದೆಯಲ್ಲಿ ದುಡಿದವರಿಗೆ ಜ್ವರ, ಮೈಕೈನೋವು ಬಂದರೆ ತಡಮಾಡದೆ ವೈದ್ಯರಿಗೆ ಈ ಕೆಲಸದ ಸಂಗತಿಯನ್ನೂ ಹೇಳತಕ್ಕದ್ದು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನ ಕಥೆಯನ್ನು ಹಿರಿಯರಿಂದ ಕೇಳಿದವರು ಇದ್ದಾರೆ. ಬೋನು, ವಿಷಗಳಿಲ್ಲದ ಕಡೆ ಇಲಿಗಳು ತಾವಾಗಿ ಗುಂಪು ಗುಂಪಾಗಿ ಸತ್ತರೆ, ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸತಕ್ಕದ್ದು.

ಈ ವಿದ್ಯೆಯನ್ನು ಕಲಿತವರು ಮೊಲಕ್ಕೂ ಉರುಲು ಒಡ್ಡಬಹುದೆಂದು ಬಗೆಯಬಾರದು. ಮೊಲವು ಅವರೆ, ಕಡಲೆಗಳ ಎಳೆಪೈರನ್ನು ಮೇಯುವುದು ನಿಜ. ಆದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಗೆ ಒಳಪಟ್ಟ ಪ್ರಾಣಿ. ಅದನ್ನು ಹಿಡಿಯುವುದೂ ಕೊಲ್ಲುವುದೂ ಶಿಕ್ಷಾರ್ಹವಾದ ಅಪರಾಧ. ಇದಲ್ಲದೆ ಬೇಲಿಯಲ್ಲಿ ಒಡ್ಡಿದ ತಂತಿಯ ಉರುಲಿಗೆ ಚಿರತೆಗಳು ಸಿಕ್ಕಿ ಸತ್ತ ಪ್ರಸಂಗಗಳು ನಮ್ಮ ರಾಜ್ಯದಲ್ಲಿಯೇ ನಡೆದಿವೆ. ಮೊಲದ ಕಾಟವಿರುವಲ್ಲಿ ಸಣ್ಣ ಕಣ್ಣಿನ ಜಾಲರಿಯನ್ನು ಬುಡ ಹೂತು ಕಟ್ಟುವುದೇ ತಕ್ಕ ಮಾರ್ಗ.

6. ಊರೊಟ್ಟಿನ ಕೆಲಸ

ಒಬ್ಬನೇ ರೈತನು ತನ್ನ ಗದ್ದೆಯ ಇಲಿಗಳನ್ನು ಹಿಡಿದರೆ, ತೆರವಾದ ಬಿಲಗಳಿಗೆ ನೆರೆಯ ಗದ್ದೆಯ ಇಲಿಗಳು ಬಂದು ಸೇರುವುವು. ಇಲಿಗೆ ಪಹಣಿಯ ಗಡಿ ತಿಳಿಯದು. ಆದುದರಿಂದ ಒಂದು ತೂಬಿನ ಕೆಳಗಿನ ಗದ್ದೆಗಳನ್ನೆಲ್ಲ ಒಂದು ಘಟಕವೆಂದೆಣಿಸಿ, ನಡುವಣ ಏರಿ, ಬೀಳುಭೂಮಿಗಳನ್ನೂ ಸೇರಿಸಿ, ಒಂದೇ ವಾರದಲ್ಲಿ ಬೋನುಗಳನ್ನು ಒಡ್ಡಿಸಬೇಕು. ದಿನವನ್ನು ಗೊತ್ತುಮಾಡುವುದು, ಬೋನುಗಳ ಖರ್ಚನ್ನು ಹಿಡುವಳಿಗೆ ತಕ್ಕಂತೆ ಹಂಚುವುದು, ಊರಿನಲ್ಲಿಲ್ಲದ ಭೂಮಾಲೀಕರ ಗದ್ದೆಯೂ ಬಿಟ್ಟುಹೋಗದಂತೆ ನೋಡುವುದು, ಇವು ಗ್ರಾಮದ ಮುಖಂಡರ ಹೊಣೆ.

ಹಿಡಿದ ಬಾಲವೊಂದಕ್ಕೆ ಇಷ್ಟೆಂದು ಇನಾಮು ಕೊಡುವ ಪದ್ಧತಿಯು ಮೇಲೆ ನೋಡುವುದಕ್ಕೆ ಒಳ್ಳೆಯದಾಗಿ ತೋರುತ್ತದೆ. ಫ್ರೆಂಚರ ಆಳ್ವಿಕೆಯಲ್ಲಿದ್ದ ಹನೋಯ್ ಪಟ್ಟಣದಲ್ಲಿ 1902ರಲ್ಲಿ ಹೀಗೆಯೇ ಬಾಲಗಳಿಗೆ ಹಣ ಕೊಡಲಾಯಿತು. ಕೆಲವು ದಿನಗಳಲ್ಲಿ ಬಾಲವಿಲ್ಲದ ಜೀವಂತ ಇಲಿಗಳು ಬೀದಿಯಲ್ಲಿ ಓಡಾಡತೊಡಗಿದುವು. ಇನಾಮಿಗಾಗಿ ಇಲಿಗಳನ್ನು ಸಾಕುವವರೂ ಹೊರಟರು. ಆದ್ದರಿಂದ ಕೂಲಿಯನ್ನು ರಾತ್ರಿಗೆ ಇಷ್ಟೆಂದು ಕೊಟ್ಟು, ಫಲವನ್ನು ಇಲಿ ಬದುಕಿರುವ ಬಿಲಗಳು ಎಷ್ಟು ಕಡಿಮೆಯಾದುವೆಂಬುದರಿಂದ ಎಣಿಸುವುದೇ ಸರಿ.

ಬೋನು ಎತ್ತಿದ ಮೇಲೆ ಬಿಲಗಳನ್ನು ಅಗೆದು ಮುಚ್ಚಿ, ಬದುಗಳನ್ನು ಅಗಲ ತಗ್ಗಿಸಿ ಹುಲ್ಲು ಸವರಿ, ಗೂಗೆಗಳು ಕೂರಲು ಅಡ್ಡಪಟ್ಟಿಯ ಗೂಟಗಳನ್ನು ನೆಡತಕ್ಕದ್ದು. ಒಂದು ವಾರದ ತರುವಾಯ ಬಿಲಗಳನ್ನು ಮೊದಲಿನಂತೆಯೇ ಮುಚ್ಚಿ ಎಣಿಸಿ, ಹಿಂದಿನ ಲೆಕ್ಕದೊಡನೆ ಹೋಲಿಸಬೇಕು. ಸಂಖ್ಯೆಯು ತಗ್ಗದಿದ್ದಲ್ಲಿ ಮತ್ತೊಂದು ಸುತ್ತು ಅಗತ್ಯ. ಈ ಎರಡು ಲೆಕ್ಕಗಳನ್ನು ಪ್ರತಿವರ್ಷವೂ ಬರೆದಿಡುವ ಗ್ರಾಮದಲ್ಲಿ, ಮುಂದಿನ ಬೇಸಿಗೆಗೆ ಎಲ್ಲಿ ಮೊದಲು ಬೋನು ಒಡ್ಡಬೇಕೆಂಬುದನ್ನು ಯಾರನ್ನೂ ಕೇಳಬೇಕಾಗಿಲ್ಲ.