ಬಂಡಿದಾರಿಯ ಕೆಳಗಿನ ನೀರಿನ ಕೊಳವೆಗಳ ರಕ್ಷಣೆ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಬಾವಿಯಿಂದ ಹೊಲಕ್ಕೆ ನೀರೊಯ್ಯುವ ಪಿ.ವಿ.ಸಿ. ಕೊಳವೆಗಳು ಬಂಡಿದಾರಿಗಳನ್ನು ದಾಟಿ ಹೋಗುವುದುಂಟು. ಎತ್ತಿನ ಗಾಡಿಗೆ ಸಾಕಾಗಿದ್ದ ಮಣ್ಣಿನ ಹೊದಿಕೆಯು ಕಬ್ಬು ತುಂಬಿದ ಟ್ರಾಕ್ಟರಿನ ಭಾರಕ್ಕೆ ಸಾಲದು. ದಾರಿಯ ಕೆಳಗೆ ಕೊಳವೆ ಬಿರಿದರೆ ಅದರ ಮುಂದಿರುವ ಹೊಲಗಳೆಲ್ಲಕ್ಕೂ ನೀರು ನಿಲ್ಲುವುದು. ಅಗೆದು ಸರಿಪಡಿಸುವಷ್ಟರಲ್ಲಿ ಪೈರು ಬಾಡುವುದು.

ಭಾರವು ಇಳಿಯುವ ಬಗೆ.— ಚಕ್ರದ ಭಾರವು ಮಣ್ಣಿನಲ್ಲಿ ಇಳಿದಂತೆಲ್ಲ ಸುತ್ತಲೂ ಹರಡುತ್ತದೆ. ಸ್ಥೂಲವಾದ ಲೆಕ್ಕದಂತೆ, 1 ಅಡಿ ಚೌಕದ ಮೇಲೆ ಬಿದ್ದ ಭಾರವು 1 ಅಡಿ ಆಳದಲ್ಲಿ 4 ಚದರ ಅಡಿಗೂ, 2 ಅಡಿ ಆಳದಲ್ಲಿ 9 ಚದರ ಅಡಿಗೂ, 3 ಅಡಿ ಆಳದಲ್ಲಿ 16 ಚದರ ಅಡಿಗೂ ಹಂಚಿಹೋಗುವುದು. ಆದುದರಿಂದ ಆಳವೇ ಮೊದಲನೆಯ ರಕ್ಷಣೆ. ದಾರಿಯ ಕೆಳಗೆ ಕೊಳವೆಯ ಮೇಲೆ 3 ಅಡಿ ಮಣ್ಣು ಇರುವಂತೆ ಹೂಳುವುದು ಉತ್ತಮ.

ಪಕ್ಕದ ಮಣ್ಣು.— ಈ ಬಗೆಯ ಕೊಳವೆಯು ಭಾರ ಬಿದ್ದಾಗ ಚಪ್ಪಟೆಯಾಗಲು ನೋಡುವುದು. ಅದನ್ನು ತಡೆಯುವುದು ಎರಡು ಪಕ್ಕಗಳ ಗಟ್ಟಿಮಣ್ಣು. ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಅದನ್ನು ಕೊಳವೆಗೆ ತಾಗಿಸಬಾರದು. ಕಲ್ಲು ಬೆರೆತ ಕೆಂಪು ಮಣ್ಣನ್ನು ಜರಡಿ ಹಿಡಿಯಬೇಕು. 4 ಅಂಗುಲ ಮರಳಿನ ಹಾಸಿಗೆಯ ಮೇಲೆ ಕೊಳವೆಯನ್ನಿಟ್ಟು, ಪಕ್ಕಗಳಿಗೆ 6 ಅಂಗುಲದ ಪದರಗಳಾಗಿ ಮಣ್ಣು ತುಂಬಿ ದಿಮ್ಮಸಿನಿಂದ ಗಟ್ಟಿಮಾಡತಕ್ಕದ್ದು.

ಜಾಲದ ಉಪಯೋಗ.— ಬಂಡೆ ಅಡ್ಡಬಂದು 3 ಅಡಿ ಆಳ ದೊರೆಯದ ಕಡೆ ಮಣ್ಣಿಗೆ ಬಲ ಕೊಡಬೇಕಾಗುವುದು. ಮಣ್ಣು ಒತ್ತಡವನ್ನು ತಾಳುವುದೇ ಹೊರತು ಎಳೆತವನ್ನು ತಾಳದು. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸುವುದು ಇದೇ ಕಾರಣದಿಂದ. ಇದೇ ಕೆಲಸವನ್ನು ಜಿಯೋಗ್ರಿಡ್ ಎಂಬ ಪಾಲಿಮರ್ ಜಾಲವೂ, ಜೇನುಹಟ್ಟಿನಂತೆ ಕೋಶಗಳುಳ್ಳ ಜಿಯೋಸೆಲ್ಲೂ ಮಾಡುವುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 75 ಮಿಲಿಮೀಟರ್ ವ್ಯಾಸದ ಪಿ.ವಿ.ಸಿ. ಕೊಳವೆಯನ್ನು ಮರಳಿನಲ್ಲಿ ಹೂಳಿ ನಡೆಸಿದ ಪ್ರಯೋಗಗಳು 2015ರಲ್ಲಿ ಪ್ರಕಟವಾದುವು. ಜಿಯೋಸೆಲ್ಲನ್ನೂ ಅದರಡಿ ಜಿಯೋಗ್ರಿಡ್ಡನ್ನೂ ಹಾಸಿದಾಗ ಕೊಳವೆಯ ಮೇಲಿನ ಒತ್ತಡವು ಶೇಕಡ 50ಕ್ಕಿಂತ ಹೆಚ್ಚು ಕಡಿಮೆಯಾಯಿತು.

ಹಾಸುವ ಕ್ರಮ.— ಕೊಳವೆಯ ಮೇಲೆ 1 ಅಡಿ ಮಣ್ಣು ತುಂಬಿ ಹದವಾಗಿ ಗಟ್ಟಿಮಾಡಿ, ಜಾಲವನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಹರಡಿ, ಅದರ ಮೇಲೆ 1 ಅಡಿ ಗರಸನ್ನು ಹಾಕಿ ಅದುಮಬೇಕು. ಜಾಲವು ಗುಂಡಿಯ ಅಗಲಕ್ಕೆ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಎರಡು ಕಡೆಯೂ 2 ಅಡಿಯಷ್ಟು ಗಟ್ಟಿನೆಲದ ಮೇಲೆ ಚಾಚಿರಬೇಕು. ಅದಕ್ಕಾಗಿ ಗುಂಡಿಯ ಮೇಲ್ಭಾಗವನ್ನು ಅಗಲ ಮಾಡಿಕೊಳ್ಳತಕ್ಕದ್ದು. ತೆಂಗಿನ ನಾರಿನ ಜಾಲವು ಮಣ್ಣಿನಲ್ಲಿ ಕೊಳೆಯುವುದರಿಂದ ಬಹುಕಾಲ ನಿಲ್ಲದು. 2 ಅಡಿ ಆಳವೂ ದೊರೆಯದಿದ್ದರೆ ಕೊಳವೆಯನ್ನು ದೊಡ್ಡ ಸಿಮೆಂಟು ಕೊಳವೆಯೊಳಗೆ ಹಾಯಿಸುವುದು ಕ್ಷೇಮ.

ಸರ್ಕಾರಿ ರಸ್ತೆಯನ್ನು ಅಗೆಯುವ ಮುನ್ನ ಸಂಬಂಧಪಟ್ಟ ಇಲಾಖೆಯ ಅನುಮತಿ ಪಡೆಯಬೇಕು. ಮೊದಲ ಮಳೆಯ ಬಳಿಕ ದಾರಿಯು ಕುಸಿದಲ್ಲಿ ಗ್ರಾಮದ ಮುಖಂಡರು ಕೂಡಲೆ ಗರಸು ತುಂಬಿಸಿ ಅದುಮಿಸಬೇಕು. ಜಾಲವು ಸಹಾಯಕ ಮಾತ್ರ; ದಿಮ್ಮಸಿನ ಕೆಲಸದಲ್ಲಿ ಉಳಿಸಿದ ಒಂದು ದಿನದ ಕೂಲಿಯು ಒಂದು ಬೆಳೆಯನ್ನೇ ನುಂಗಬಹುದೆಂಬುದನ್ನು ಜಮೀನುದಾರರು ಮರೆಯಬಾರದು.