ಹವಳದ ತೊಟ್ಟಿಯಲ್ಲಿ ಹಸಿರು ಕೂದಲು

ಕಿಟ್‌ನಲ್ಲಿ ಫಾಸ್ಫೇಟ್ ಸೊನ್ನೆ, ಬಂಡೆಯ ಮೇಲೆ ಮಾತ್ರ ಕೂದಲಿನಂಥ ಪಾಚಿ ಎಂದು ಬರೆದಿದ್ದೀರಿ. ಆ ಸೊನ್ನೆಯನ್ನು ನಂಬಬೇಡಿ. ನೀರಿಗೆ ಬಿದ್ದ ಫಾಸ್ಫೇಟನ್ನು ಪಾಚಿಯೇ ಮೊದಲು ನುಂಗುತ್ತದೆ. ಕಿಟ್ ಅಳೆಯುವುದು ಮಿಕ್ಕದ್ದನ್ನಷ್ಟೇ.

ಕೊಳವೆಬಾವಿ ನೀರಿಗೇ ಉಪ್ಪು ಬೆರೆಸುತ್ತೀರಲ್ಲ, ನನ್ನ ಅನುಮಾನ ಅದರ ಮೇಲೆ. ಅದರಲ್ಲಿ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಹೆಚ್ಚಿರುವುದು ಅಪರೂಪವಲ್ಲ. ಅಡುಗೆಮನೆಯ ಆರ್‌ಒ ಸಾಲದು. ಎಷ್ಟೋ ಯಂತ್ರಗಳು ರುಚಿಗೆಂದು ಖನಿಜವನ್ನು ಮರಳಿ ಸೇರಿಸುತ್ತವೆ. ಜೊತೆಗೆ ಉಳಿದ ಲವಣ ತೆಗೆಯುವ ಡಿಐ ಫಿಲ್ಟರ್ ಹಾಕಿಸಿ, ಟಿಡಿಎಸ್ (ಕರಗಿದ ಲವಣಾಂಶ) 0 ಬರಬೇಕು.

ಆಮೇಲೆ ಕೈಕೆಲಸ. ಬಂಡೆಗಳನ್ನು ತೊಟ್ಟಿಯದೇ ನೀರಿರುವ ಬಕೆಟ್‌ನಲ್ಲಿಟ್ಟು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ತೊಟ್ಟಿಯೊಳಗೇ ಉಜ್ಜಿದರೆ ತುಂಡುಗಳು ಎಲ್ಲೆಡೆ ಚಿಗುರುತ್ತವೆ. ಜೊಯಾಂಥಿಡ್ ಹವಳ ಅಂಟಿರುವ ಬಂಡೆಯನ್ನು ಮಾತ್ರ ಉಜ್ಜಬೇಡಿ, ಅದರಲ್ಲಿ ಅಪಾಯಕಾರಿ ವಿಷವಿರಬಹುದು. ಟರ್ಬೊ ಬಸವನಹುಳು ಬಿಡಬಹುದು, ಆದರೆ ಉದ್ದ ಕೂದಲನ್ನು ಅವು ಅಷ್ಟಾಗಿ ಮುಟ್ಟವು. ಮೊದಲು ನೀವೇ ಕೀಳಬೇಕು. ದೀಪ ಉರಿಯುವ ಹೊತ್ತನ್ನು ದಿನಕ್ಕೆ 12 ಗಂಟೆಯಿಂದ 8ಕ್ಕೆ ಇಳಿಸಿ.

ಫಾಸ್ಫೇಟ್ ಹೀರುವ ಜಿಎಫ್‌ಒ ಬಳಸುವುದಾದರೆ ಅರ್ಧ ಪ್ರಮಾಣದಿಂದ ಶುರುಮಾಡಿ. ನಿಜವಾಗಿಯೂ ಸೊನ್ನೆಗಿಳಿದರೆ ಹವಳ ಸೊರಗಿ, ಡೈನೋಫ್ಲಾಜೆಲೇಟ್‌ಗಳ ಕಂದು ಲೋಳೆ ಹಬ್ಬಬಹುದು. ಅದರ ಮುಂದೆ ಈ ಪಾಚಿ ಪಾಪದ್ದು! ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಪಾಚಿ ಹೋಗಲು ಎರಡು ಮೂರು ತಿಂಗಳಾದರೂ ಹಿಡಿದೀತು.