ಮೀನಿನ ತೊಟ್ಟಿಯ ಮರಳು: ಆಯ್ಕೆಯಲ್ಲಿ ಗಮನಿಸಬೇಕಾದುದು

ಶಾಲೆ, ಅಂಗನವಾಡಿ, ಗ್ರಂಥಾಲಯಗಳಲ್ಲಿ ಸಿಹಿನೀರಿನ ಮೀನಿನ ತೊಟ್ಟಿ ಇರಿಸುವಾಗ ತಳದ ಮರಳನ್ನು ಪರೀಕ್ಷಿಸುವುದು ವಿರಳ. ಮೀನು ಸತ್ತ ಬಳಿಕ ನೀರನ್ನು ದೂರುವುದೇ ವಾಡಿಕೆ.

ಹೊಸಪೇಟೆಯ ಚಿತ್ತವಾಡ್ಗಿ ಸುತ್ತಲಿನ ಗ್ರಾನೈಟ್ ಬಂಡೆಗಳು ಸವೆದು ಉಂಟಾಗುವ ಮರಳಿನಲ್ಲಿ ಬೆಣಚುಕಲ್ಲಿನ ಕಣಗಳೇ ಹೆಚ್ಚು. ಅವು ನೀರಿನ ಗುಣವನ್ನು ಬದಲಿಸವು. ಆದರೆ ಸುಣ್ಣಕಲ್ಲಿನ ಚೂರು, ಬಸವನಹುಳುವಿನ ಚಿಪ್ಪು ಬೆರೆತಿದ್ದರೆ ನೀರಿನ ಗಡಸುತನ ಏರುತ್ತದೆ. ಒಣಮರಳಿನ ಮೇಲೆ ವಿನೆಗರ್ ಹನಿಸಿದಾಗ ಗುಳ್ಳೆಗಳೆದ್ದರೆ ಸುಣ್ಣವಿದೆಯೆಂದೇ ತಿಳಿಯತಕ್ಕದ್ದು. ಗಪ್ಪಿ ಮೀನು ಗಡಸುನೀರನ್ನು ಸಹಿಸೀತು, ಎಲ್ಲ ಜಾತಿಗಳೂ ಸಹಿಸಲಾರವು.

ಸಂಡೂರು ಕಡೆಯ ಅದಿರಿನ ಕೆಂಧೂಳು ಸೇರಿದ ಮರಳು ನೀರನ್ನು ಕದಡುತ್ತದೆ. ಚರಂಡಿ ಸೇರುವ ಹಳ್ಳದ ಮರಳಾಗಲಿ, ಕೀಟನಾಶಕ ಸಿಂಪಡಿಸಿದ ಗದ್ದೆಗಳ ಬಸಿಗಾಲುವೆಯ ಮರಳಾಗಲಿ ಸರ್ವಥಾ ಸಲ್ಲದು. ಕುದಿಸಿದ ಮಾತ್ರಕ್ಕೆ ವಿಷ ನಿವಾರಣೆಯಾಗದು. ಎಂ-ಸ್ಯಾಂಡ್ ಕಟ್ಟಡಕ್ಕೆ ಯೋಗ್ಯವೇ ಹೌದು. ಆದರೆ ಅದರ ಚೂಪು ಅಂಚುಗಳು ತಳ ಕೆದಕುವ ಮೀನುಗಳ ಮೀಸೆಯನ್ನು ಗಾಯಗೊಳಿಸಬಲ್ಲವು.

ಆಯ್ದ ಮರಳನ್ನು ಸೋಪು ಬಳಸದೆ, ನೀರು ತಿಳಿಯಾಗುವವರೆಗೆ ತೊಳೆದು, 1ರಿಂದ 2 ಅಂಗುಲದಷ್ಟು ಹರಡಿದರೆ ಸಾಕು. ಪದರ ದಪ್ಪವಾದರೆ ಅಡಿಯಲ್ಲಿ ಗಾಳಿಯಾಡದೆ ಕಸ ಕೊಳೆತು, ಕೆಟ್ಟ ಮೊಟ್ಟೆಯ ವಾಸನೆಯ ವಿಷಾನಿಲ ಹುಟ್ಟುವ ಸಂಭವವಿದೆ.

ಮರಳು ಉಪಖನಿಜವಾಗಿದ್ದು, ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994ಕ್ಕೆ ಒಳಪಟ್ಟಿದೆ. ಒಂದು ಬುಟ್ಟಿಯಷ್ಟೇ ಬೇಕಿದ್ದರೂ ಹೊಳೆಯಿಂದ ತರಿಸದೆ, ಅಧಿಕೃತ ಮಾರಾಟಗಾರರಿಂದ ಪಡೆದು ರಸೀದಿಯನ್ನು ಕಡತದಲ್ಲಿರಿಸುವುದು ಸೂಕ್ತ.